ಒಂದು ದಿನದ ಗಾರೆ

ಸ್ಟಾಬಿಯೆ, ಏಪ್ರಿಲ್ ಒಂದಕ್ಕೆ ಇನ್ನು ಆರು ದಿನ

ಪುಟಿಯೋಲಿಯಲ್ಲಿರುವ ಮಗಳು ಹೆಲ್ವಿಯಾಗೆ ಅಪ್ಪ ಫಿಲೆಟಸ್ ಬರೆಯುವುದು.

ಸುಖವಾಗಿ ತಲುಪಿದೆವು. ಸಮುದ್ರ ಏನೂ ತಂಟೆ ಮಾಡಲಿಲ್ಲ, ತಂಟೆಯೆಲ್ಲ ಗಾರೆಯ ಡಾಮನದೇ. ದೋಣಿ ಹತ್ತಿದ ಗಳಿಗೆಯಿಂದ ಇಳಿಯುವವರೆಗೆ ಸುಣ್ಣದ ಗಡಿಗೆಗಳನ್ನು ತಬ್ಬಿಕೊಂಡೇ ಕೂತಿದ್ದ. "ನಿನ್ನ ಬಣ್ಣ ಚೆಲ್ಲಿದ್ರೆ ನಿನ್ನ ಮಗಳು ಇನ್ನೊಂದಿಷ್ಟು ಅರೆದು ಕಳಿಸ್ತಾಳೆ. ಈ ಸುಣ್ಣ ನೆನೆಹಾಕಿ ಮೂರು ವರ್ಷ ಆಯ್ತು ಕಣೋ. ಚೆಲ್ಲಿದ್ರೆ ನಾನು ಇನ್ನೂ ಮೂರು ವರ್ಷ ಬದುಕಿರ್ಬೇಕು!" ಎಂದು ಗೊಣಗಿದ. ಮೂವತ್ತೊಂದು ವರ್ಷದಿಂದ ಈ ಗೊಣಗಾಟ ಕೇಳುತ್ತಿದ್ದೇನೆ. ಅದು ಕಿವಿಗೆ ಬೀಳದ ದಿನ ನನ್ನ ಕುಂಚ ಮುಂದೆ ಹೋಗುವುದಿಲ್ಲ.

ಪೋಪಿಡಿಯಾ ಅಮ್ಮನವರ ಮನೆ ಸಮುದ್ರದ ಮೇಲಿನ ದಿಬ್ಬದಲ್ಲಿದೆ. ನಮಗೆ ಕೊಟ್ಟದ್ದು ಬೇಸಿಗೆಯ ಊಟದ ಕೋಣೆ. ಗೋಡೆ ತುಂಬ ತೋಟ ಬೇಕಂತೆ. ಕೆಳಗೆ ಜೊಂಡಿನ ಬೇಲಿ, ಅದರ ಹಿಂದೆ ದಾಳಿಂಬೆ, ಕಣಗಿಲೆ, ಕೊಂಬೆಗೊಂದು ಹಕ್ಕಿ, ಮೇಲೆ ಬರೀ ಆಕಾಶ. ಬಾಗಿಲು ತೆಗೆದರೆ ನಿಜವಾದ ತೋಟವೇ ಇದೆಯಲ್ಲ ಎಂದು ಪಾರುಪತ್ಯಗಾರ ಕ್ರೆಸೆನ್ಸ್‌ನನ್ನು ಕೇಳಿದೆ. "ನಿಜವಾದ ಹಕ್ಕಿ ಬಂದ ನೆಂಟರ ತಲೆ ಮೇಲೆ ಹಿಕ್ಕೆ ಹಾಕುತ್ತಲ್ಲಯ್ಯ!" ಅಂದ. ಅದೂ ಸರಿಯೇ.

ಇವತ್ತು ಮೊದಲ ಗಾರೆ ಹಾಕಿದೆವು. ಗಾರೆ ಬಣ್ಣ ಕುಡಿಯುವುದು ಹಸಿ ಇರುವ ಒಂದು ಹಗಲು ಮಾತ್ರ, ಆಮೇಲೆ ಹಚ್ಚಿದ್ದು ಅಂಗೈಗೆ ಹತ್ತಿಬರುತ್ತದೆ ಎಂಬುದನ್ನು ನಿನಗೆ ನಾನು ಹೇಳಬೇಕಾಗಿಲ್ಲ. ಸಂಜೆಯೊಳಗೆ ನಾನು ಎಷ್ಟು ಮುಗಿಸುತ್ತೇನೋ ಅಷ್ಟನ್ನೇ ಬೆಳಿಗ್ಗೆ ಹಾಕುವುದು ಡಾಮನ ಜಾಣತನ. ಯಾವಾಗಲೂ ನಾಲ್ಕು ಮೊಳ ಹಾಕುತ್ತಿದ್ದವನು ಇವತ್ತು ಮೂರಕ್ಕೇ ಕರಣೆ ತೊಳೆದಿಟ್ಟ. "ಹಳೇ ಗೋಡೆ, ನೀರು ಹೀರ್ತಿದೆ. ಇವತ್ತಿಗೆ ಇಷ್ಟು ಸಾಕು" ಅಂದ. ಆಯಿತು ಬಿಡು ಅಂದೆ.

ಆಕಾಶಕ್ಕೆ ನೀಲಿ ಬೇಕು. ಈರುಳ್ಳಿ ದೋಣಿಯ ಸಿಲೋ ಬಳಿ ಕಳಿಸು. ರೊಟ್ಟಿ ಸುಡುವವನ ಅಡುಗೆಮನೆಯ ಗೂಡಿನಲ್ಲಿ ಮನೆದೇವರ ಹಾವು ಬರೆಯುತ್ತಿದ್ದೆಯಲ್ಲ, ಮುಗಿಯಿತೇ? ಹೋದ ಸಲ ನೀನು ಬರೆದ ಹಾವು ನೋಡಿ ಡಾಮ, ಇದನ್ನ ಎಣ್ಣೆಯಲ್ಲಿ ಹುರಿದು ತಿನ್ನಬಹುದು ಅಂದಿದ್ದ. ನನ್ನ ಕೈ ಚೆನ್ನಾಗಿದೆ. ನೀನು ಕೇಳುವ ಮೊದಲೇ ಹೇಳಿಬಿಟ್ಟೆ.

ಪುಟಿಯೋಲಿ, ಏಪ್ರಿಲ್ ಒಂದರ ಮರುದಿನ

ಅಪ್ಪನಿಗೆ ಹೆಲ್ವಿಯಾ.

ನೀಲಿಯ ಆರು ಉಂಡೆ ಅರೆದು ಕಳಿಸಿದ್ದೇನೆ. ಈ ಸಲ ಕುಲುಮೆಯಲ್ಲಿ ಚೆನ್ನಾಗಿ ಬೆಂದಿವೆ. ಜೊತೆಗೆ ಡಾಮ ಮಾವನಿಗೆ ಉಪ್ಪು ಹಾಕಿದ ಆಲಿವ್ ಒಂದು ಕುಡಿಕೆ. ಅದು ನಿನಗಲ್ಲ, ನಿನ್ನ ಹೊಟ್ಟೆಗೆ ಆಗುವುದಿಲ್ಲ.

ಹಾವು ಮುಗಿಯಿತು. ಎರಡು, ಗಂಡು ಹೆಣ್ಣು. ರೊಟ್ಟಿಯವನ ಹೆಂಡತಿ ಬಂದು ನೋಡಿ ಸೊಂಟದ ಮೇಲೆ ಕೈ ಇಟ್ಟುಕೊಂಡಳು. "ಏನೇ ಇದು, ನಗ್ತಾ ಇದಾವೆ?" ಅಂದಳು. "ನಿಮ್ಮ ಮನೇಲಿ ದಿನಾ ಬಿಸಿ ರೊಟ್ಟಿ ಸಿಗುತ್ತಲ್ಲಕ್ಕ, ಅಳೋದ್ಯಾಕೆ?" ಅಂದೆ. ಅವಳಿಗೆ ಖುಷಿಯಾಯಿತು. ಡಾಮ ಮಾವನಿಗೆ ಹೇಳು, ಇವನ್ನು ಹುರಿಯಲು ಬಾಣಲೆ ಸಾಲದು.

ಅಪ್ಪ, ಇನ್ನು ಎಷ್ಟು ದಿನ ಹಾವನ್ನೇ ಬರೆಯಲಿ? ಗೋಡೆ ಕೆಲಸಕ್ಕೆ ನನ್ನನ್ನೂ ಕರೆದುಕೊಂಡು ಹೋಗು ಅಂದರೆ, ಬಣ್ಣ ಅರೆಯಲು ಮನೆಯಲ್ಲಿ ಒಂದು ಕೈ ಬೇಕು ಅನ್ನುತ್ತೀಯ. ಅಮ್ಮ ಇದ್ದಾಗ ಅಮ್ಮನಿಗೂ ನೀನು ಇದನ್ನೇ ಹೇಳುತ್ತಿದ್ದೆ. ಇರಲಿ, ಜಗಳ ಆಡಲು ಬರೆದದ್ದಲ್ಲ.

ನಿನ್ನ ಅಕ್ಷರ ಯಾಕೋ ದೊಡ್ಡದಾಗಿದೆ. ಮೊದಲೆಲ್ಲ ಒಂದೇ ತೆಳು ಹಲಗೆಯಲ್ಲಿ ಊರ ಸುದ್ದಿಯೆಲ್ಲ ಹಿಡಿಸುತ್ತಿದ್ದೆ. ಈ ಸಲ ಮೂರು ಹಲಗೆ ಕಟ್ಟಿ ಕಳಿಸಿದ್ದೀಯ. ಮಸಿ ಕೆಟ್ಟದ್ದೇ?

ಸ್ಟಾಬಿಯೆ, ಏಪ್ರಿಲ್ ಹದಿಮೂರಕ್ಕೆ ಇನ್ನು ಎರಡು ದಿನ

ಮಗಳಿಗೆ.

ಮಸಿ ಕೆಟ್ಟದ್ದೇ. ಇಲ್ಲಿನ ಮಸಿ ಗಂಜಿಯ ಹಾಗಿದೆ.

ನಿನ್ನ ಓಲೆಯನ್ನು ಡಾಮನಿಗೆ ಓದಿ ಹೇಳಿದೆ. ಅವನಿಗೆ ಅಕ್ಷರ ಬಾರದಿದ್ದರೂ ಹಠಕ್ಕೇನೂ ಕಡಿಮೆಯಿಲ್ಲ. ಸಿಲೋನ ದೋಣಿ ಬಂತೆಂದರೆ "ಕೂಸು ಏನ್ ಬರೆದಿದೆ, ಒಂದಕ್ಷರ ಬಿಡದೆ ಓದು" ಎಂದು ಎದುರಿಗೆ ಕೂತುಬಿಡುತ್ತಾನೆ. ನಗುವ ಹಾವು ಕೇಳಿ ಎರಡು ದಿನ ನಕ್ಕ. ಆಲಿವ್ ಒಬ್ಬನೇ ತಿಂದ.

ಆದರೆ ಮಗಳೇ, ಒಂದು ಮಾತು ಹೇಳದೆ ಇರಲಾರೆ. ಡಾಮನಿಗೆ ವಯಸ್ಸಾಯಿತು. ಮೂರು ಮೊಳ ಇದ್ದದ್ದು ಎರಡಾಯಿತು, ಈಗ ಒಂದೂವರೆ. ಊಟಕ್ಕೆ ಹಾಸುವ ಬಟ್ಟೆ ಇದಕ್ಕಿಂತ ದೊಡ್ಡದಿರುತ್ತದೆ. ಒಂದು ಪಾರಿವಾಳವನ್ನು ಎರಡು ದಿನ ಬರೆಯಬೇಕಾಯಿತು. ಮೊದಲ ದಿನ ತಲೆ, ಮಾರನೆಯ ದಿನ ಬಾಲ, ಕತ್ತಿನಲ್ಲಿ ಗಾರೆಯ ಸಂದು! ಮೂವತ್ತೊಂದು ವರ್ಷದಲ್ಲಿ ನನ್ನ ಹಕ್ಕಿಯ ಕತ್ತಿನಲ್ಲಿ ಸಂದು ಬಂದದ್ದಿಲ್ಲ. ಕೇಳಿದರೆ ದಿನಕ್ಕೊಂದು ನೆಪ. ಗೋಡೆ ಹೀರುತ್ತಿದೆ, ಗಾಳಿ ಒಣಗಿದೆ, ಅಮೃತಶಿಲೆಯ ಪುಡಿ ಒರಟಾಗಿದೆ. ನಿನ್ನೆ ರೇಗಿ, "ನಿನ್ನ ಸೊಂಟ ಹೀರ್ತಿದೆ ಕಣೋ, ಗೋಡೆ ಅಲ್ಲ" ಅಂದುಬಿಟ್ಟೆ. ಅವನು ತಿರುಗಿ ಬೈಯಲಿಲ್ಲ. "ಹೌದಪ್ಪ, ಸೊಂಟ ಹೋಯ್ತು, ಏನ್ ಮಾಡ್ಲಿ" ಅಂದ. ಡಾಮ ತಿರುಗಿ ಬೈಯಲಿಲ್ಲ ಅಂದರೆ ನಂಬುತ್ತೀಯ?

ಜೂನ್ ಮುಗಿಯುವುದರೊಳಗೆ ನೆಂಟರು ಇಲ್ಲಿ ಊಟಕ್ಕೆ ಕೂರಬೇಕಂತೆ. ಈ ಲೆಕ್ಕದಲ್ಲಿ ಹೋದರೆ ಚಳಿಗಾಲಕ್ಕೂ ಮುಗಿಯದು. ಕ್ರೆಸೆನ್ಸ್ ದಿನಾ ಬಂದು ಬಾಗಿಲಲ್ಲಿ ನಿಂತು ಕೆಮ್ಮುತ್ತಾನೆ. ನುಸೆರಿಯಾದಲ್ಲಿ ಒಬ್ಬ ಗಟ್ಟಿಮುಟ್ಟಾದ ಗಾರೆಯವನಿದ್ದಾನಂತೆ. ಯೋಚಿಸುತ್ತಿದ್ದೇನೆ.

ಪುಟಿಯೋಲಿ, ಏಪ್ರಿಲ್ ಹದಿನೇಳು

ಅಪ್ಪ,

ಸಿಲೋ ಹೊರಟು ನಿಂತಿದ್ದಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ. ನನ್ನದೊಂದು ಪ್ರಶ್ನೆ ಇದೆ. ಆ ಒಂದೂವರೆ ಮೊಳ ಮುಗಿಸಿ ನೀನು ಕುಂಚ ತೊಳೆಯುವಾಗ ಹೊತ್ತು ಎಲ್ಲಿರುತ್ತದೆ? ನೋಡಿ ಬರೆ. ಅಲ್ಲಿಯವರೆಗೆ ಕ್ರೆಸೆನ್ಸ್ ಹತ್ತಿರ ಏನೂ ಹೇಳಬೇಡ, ನನ್ನಾಣೆ.

ಸ್ಟಾಬಿಯೆ, ಏಪ್ರಿಲ್ ಇಪ್ಪತ್ತೈದು

ಮಗಳಿಗೆ.

ಇದೆಂಥ ಪ್ರಶ್ನೆ! ಹೊತ್ತು ಎಲ್ಲಿರುತ್ತದೆ? ಎಂದಿನ ಹಾಗೆ. ಕೊನೆಯ ಎಲೆಗೆ ಹಸಿರು ಹಚ್ಚುವಾಗ ಸೂರ್ಯ ಸಮುದ್ರ ಮುಟ್ಟಿರುತ್ತಾನೆ. ಒಳ್ಳೆಯ ಕೆಲಸಗಾರನ ದಿನ ಹಾಗೆಯೇ ಮುಗಿಯಬೇಕು. ಈಚೆಗೆ ನಾನು ಗರಿಗಳನ್ನು ತುಂಬ ನಯವಾಗಿ ಬರೆಯುತ್ತಿದ್ದೇನೆ, ನೋಡಿದರೆ ನೀನೇ ಮೆಚ್ಚುತ್ತೀಯ.

ನಿನ್ನ ಓಲೆ ಬರುವ ಮೊದಲೇ ಕ್ರೆಸೆನ್ಸ್‌ಗೆ ಹೇಳಿಬಿಟ್ಟಿದ್ದೆ. ಮೇ ಹದಿನೈದಕ್ಕೆ ಅಮ್ಮನವರು ಬರುತ್ತಾರೆ, ಅವರು ಹೂಂ ಅಂದರೆ ನುಸೆರಿಯಾದವನು ಬರುತ್ತಾನೆ, ಡಾಮ ಮನೆಗೆ. ಡಾಮನಿಗೆ ಇನ್ನೂ ಗೊತ್ತಿಲ್ಲ.

ನನ್ನನ್ನು ಕಟುಕ ಅನ್ನಬೇಡ. ಹೆಲ್ವಿಯಸ್ ಯಜಮಾನರು ನಮ್ಮಿಬ್ಬರನ್ನು ಗುಲಾಮಗಿರಿಯಿಂದ ಬಿಟ್ಟದ್ದು ಒಂದೇ ದಿನ. ಬಿಡುಗಡೆಯಾದವನು ತಲೆಗೆ ಹಾಕುವ ಉಣ್ಣೆಯ ಟೊಪ್ಪಿ ಮನೆಯಲ್ಲಿದ್ದದ್ದು ಒಂದೇ. "ಮೊದಲು ನೀನು ಹಾಕ್ಕೊಳ್ಳೋ, ನನ್ನ ತಲೆ ಸುಣ್ಣ ಆಗಿದೆ" ಎಂದು ಅವನೇ ನನ್ನ ತಲೆಗೆ ಇಟ್ಟ. ಅದನ್ನು ಮರೆತಿಲ್ಲ. ಹೇಳುವಾಗ ನಾಲಗೆ ಕಹಿಯಾಯಿತು. ಆದರೆ ಕೆಲಸ ಕೆಲಸವೇ ಅಲ್ಲವೇ.

ಪುಟಿಯೋಲಿ, ಮೇ ಒಂದು

ಅಪ್ಪ,

ಈ ಓಲೆಯನ್ನು ಡಾಮ ಮಾವನಿಗೆ ಓದಿ ಹೇಳಬೇಡ. ಅವನು ಎದುರಿಗೆ ಕೂತರೆ, ಈರುಳ್ಳಿ ಬೆಲೆ ಬರೆದಿದ್ದಾಳೆ ಅಂತ ಏನಾದರೂ ಸುಳ್ಳು ಹೇಳು. ಒಬ್ಬನೇ ಕೂತು ಓದು.

ಅವನಿಗೆ ಮಾತ್ರ ಬರೆಯೋಣವೆಂದರೆ ಅದನ್ನೂ ನೀನೇ ಓದಬೇಕು. ಹಾಗಾಗಿ ನಿನಗೇ ಹೇಳುತ್ತೇನೆ. ಹೇಗೆ ಹೇಳಬೇಕೆಂದು ಮೂರು ದಿನದಿಂದ ಅರೆಯುವ ಕಲ್ಲಿನ ಮುಂದೆ ಕೂತು ಯೋಚಿಸಿದೆ, ಉಪಾಯ ಹೊಳೆಯಲಿಲ್ಲ. ನೇರವಾಗಿ ಬರೆಯುತ್ತೇನೆ.

ನಾಲ್ಕು ಮೊಳ ಹಾಕಿದ ದಿನಗಳಲ್ಲೂ ನೀನು ಮುಗಿಸುವಾಗ ಸೂರ್ಯ ಸಮುದ್ರ ಮುಟ್ಟುತ್ತಿದ್ದ. ಒಂದೂವರೆ ಮೊಳಕ್ಕೂ ಅಷ್ಟೇ ಹೊತ್ತು ಹಿಡಿಯುತ್ತಿದೆ. ಗಾರೆ ಚಿಕ್ಕದಾದ ಮೇಲೆ ಮಧ್ಯಾಹ್ನಕ್ಕೇ ಕೈ ಖಾಲಿಯಾಗಬೇಕಿತ್ತಲ್ಲ ಅಪ್ಪ? ಆಗಲಿಲ್ಲ. ನಿಧಾನವಾದದ್ದು ಡಾಮ ಮಾವ ಅಲ್ಲ, ನೀನು.

ಅವನು ಅದನ್ನು ಮೊದಲ ದಿನವೇ ಕಂಡಿರಬೇಕು. ನಿನ್ನ ಕೈ ಎಷ್ಟು ಮುಗಿಸೀತೋ ಅಷ್ಟನ್ನೇ ಅಳೆದು ಹಾಕುತ್ತಿದ್ದಾನೆ. ಸಂಜೆ ನಿನ್ನ ಮುಂದೆ ಒಣಗಿದ ಗಾರೆ ಉಳಿಯಬಾರದು, ನಿನಗೆ ಅದು ಗೊತ್ತಾಗಬಾರದು ಅಂತ. ಸೊಂಟ ಹೋಯ್ತು ಅಂದನಲ್ಲ, ಅವನ ಸೊಂಟಕ್ಕೆ ಏನೂ ಆಗಿಲ್ಲ. ಹೊರಡುವ ದಿನ ನಮ್ಮ ಮನೆಯಿಂದ ದೋಣಿಯವರೆಗೆ ಆ ಗಡಿಗೆಗಳನ್ನೆಲ್ಲ ಹೊತ್ತವನು ಅವನೇ.

ತಪ್ಪು ನನ್ನದೂ ಇದೆ. ಚಳಿಗಾಲದಲ್ಲಿ ನೀನು ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಕುಡಿಯುವುದನ್ನು ನೋಡಿದ್ದೆ. ಅಂಗಿಯ ಗಂಟು ಬಿಚ್ಚಲಾಗದೆ ಹಾಗೇ ಮಲಗಿದ್ದನ್ನೂ ನೋಡಿದ್ದೆ. ಕೇಳಿದರೆ ನಿನಗೆ ನೋವಾಗುತ್ತದೆಂದು ಸುಮ್ಮನಿದ್ದೆ. ನಾವೆಲ್ಲ ಸುಮ್ಮನಿದ್ದು ಸುಮ್ಮನಿದ್ದು ಈಗ ಡಾಮ ಮಾವನ ಅನ್ನಕ್ಕೆ ಕಲ್ಲು ಬೀಳುವ ಹಾಗಾಗಿದೆ.

ಅಪ್ಪ, ಇದನ್ನು ಬರೆಯುವಾಗ ಅತ್ತಿದ್ದೇನೆ. ಬೈಯಬೇಕಾದರೆ ನನ್ನನ್ನು ಬೈ. ಹದಿನೈದರೊಳಗೆ ಕ್ರೆಸೆನ್ಸ್‌ಗೆ ಹೇಳಿ ಆ ಮಾತು ಹಿಂದಕ್ಕೆ ತಗೋ.

ಪುಟಿಯೋಲಿ, ಮೇ ಹದಿನಾಲ್ಕು

ಅಪ್ಪ,

ಸಿಲೋ ಎರಡು ಸಲ ಬರಿಗೈಯಲ್ಲಿ ಬಂದ. ಓಲೆ ನಿನ್ನ ಕೈಗೇ ಕೊಟ್ಟೆ ಅನ್ನುತ್ತಾನೆ. "ಓದಿ ಕಟ್ಟಿ ಇಟ್ಕೊಂಡ್ರಮ್ಮ, ಈರುಳ್ಳಿ ಕೂಡ ಚೌಕಾಸಿ ಮಾಡ್ಲಿಲ್ಲ" ಅಂದ. ಅದನ್ನು ಕೇಳಿ ನನಗೆ ಹೆಚ್ಚು ಹೆದರಿಕೆಯಾಯಿತು. ಸಿಟ್ಟಾಗಿದ್ದೇನೆ ಅಂತಲಾದರೂ ಒಂದು ಸಾಲು ಬರೆ.

ಸ್ಟಾಬಿಯೆ, ಮೇ ಹತ್ತೊಂಬತ್ತು

ನನ್ನ ಕೂಸೇ,

ಸಿಟ್ಟಾಗಿದ್ದೆ. ಎರಡು ದಿನ ನಿನ್ನ ಮೇಲೆ, ಆಮೇಲೆ ಸೂರ್ಯನ ಮೇಲೆ. ಅವನನ್ನೇ ನೋಡುತ್ತ ಕೆಲಸ ಮಾಡಿದೆ. ಒಂದು ದಾಳಿಂಬೆ ಮುಗಿಯುವಷ್ಟರಲ್ಲಿ ಬೆಳಕು ಎದುರಿನ ಗೋಡೆಯ ಅರ್ಧ ದಾಟಿತ್ತು. ಆದರೂ ನಂಬಲಿಲ್ಲ. ಹರೆಯದ ಹುಡುಗಿ, ಹಾವು ಬರೆಯುವವಳು, ಇವಳಿಗೇನು ಗೊತ್ತು ಅಂದುಕೊಂಡೆ. ತಪ್ಪಾಯಿತು.

ಹದಿನಾಲ್ಕರ ಬೆಳಿಗ್ಗೆ ಡಾಮನಿಗೆ, "ಇವತ್ತು ನಾಲ್ಕು ಮೊಳ ಹಾಕು" ಅಂದೆ. ಅವನು ನನ್ನ ಮುಖ ನೋಡಿದ. "ಬೇಡ ಕಣೋ. ಗಾಳಿ ಒಣಗಿದೆ" ಅಂದ. "ಹಾಕು ಅಂದ್ನಲ್ಲ" ಅಂದೆ. "ನಿಂಗೇನಾಗಿದೆ ಇವತ್ತು?" ಅಂದ. "ಹಾಕ್ತೀಯೋ ಇಲ್ವೋ!" ಎಂದು ಕೂಗಿದೆ. ಹಾಕಿದ. ಎಂಥ ಗಾರೆ ಅಂತೀಯ, ಬೆಣ್ಣೆ ಹಾಗೆ. ಸೊಂಟ ಹೋದವನ ಕೈಯಲ್ಲಿ ಬರುವ ಗಾರೆಯಲ್ಲ ಅದು.

ನಾನು ನೀಲಿಯಿಂದ ಶುರು ಮಾಡಿ ಒಂದು ಹೊನ್ನಕ್ಕಿಗೆ ಬಂದೆ. ತಲೆ ಆಯಿತು, ಎದೆಯ ಹಳದಿ ಆಯಿತು. ರೆಕ್ಕೆಗೆ ಬರುವಾಗ ಬೆರಳು ಮರಗಟ್ಟಿತು. ಎಡಗೈಯಿಂದ ಬಲಗೈ ಹಿಡಿದುಕೊಂಡು ಬರೆದೆ. ರೆಕ್ಕೆಯ ಕಪ್ಪು ಇಟ್ಟರೆ ಗೋಡೆ ಕುಡಿಯಲಿಲ್ಲ. ಬೆರಳಿಂದ ಮುಟ್ಟಿದೆ, ಬೆರಳಿಗೆ ಬಂತು. ಇನ್ನೂ ಎರಡೂವರೆ ಮೊಳ ಬೆಳ್ಳಗೆ ಹಾಗೇ ಒಣಗಿ ನಿಂತಿತ್ತು. ಡಾಮ ಹಿಂದೆ ನಿಂತಿದ್ದ. ಬಂದು ನನ್ನ ಕೈಯಿಂದ ಕುಂಚ ತಗೊಂಡು ತೊಳೆದಿಟ್ಟ.

ಅಷ್ಟು ಹೊತ್ತಿಗೆ ಬಾಗಿಲಲ್ಲಿ ಅಮ್ಮನವರು. ಒಂದು ದಿನ ಮೊದಲೇ ಬಂದಿದ್ದರು. ಕ್ರೆಸೆನ್ಸ್ ಗೋಡೆ ನೋಡಿ, "ಏನಿದು ಅರ್ಧ ಹಕ್ಕಿ? ಇಷ್ಟು ಗಾರೆ ದಂಡ!" ಅಂದ. ನಾನು ಬಾಯಿ ತೆರೆಯುವ ಮೊದಲೇ ಡಾಮ ಮುಂದೆ ಹೋಗಿ ತಲೆ ಬಗ್ಗಿಸಿ, "ತಪ್ಪು ನಂದು ತಾಯಿ. ಗಾರೆ ಗಟ್ಟಿ ಕಲಸ್ಬಿಟ್ಟೆ, ಬೇಗ ಒಣಗೋಯ್ತು. ಅವನೇನ್ ಮಾಡ್ತಾನೆ ಪಾಪ" ಅಂದ. ಕ್ರೆಸೆನ್ಸ್ ನನ್ನ ಕಡೆ ತಿರುಗಿ, "ನೀ ಹೇಳಿದ್ದು ಸರಿಯಾಗೇ ಇತ್ತು ಬಿಡಯ್ಯ. ಇವನು ನಾಳೇನೇ ಹೊರಡ್ಲಿ" ಅಂದ.

ಡಾಮ ನನ್ನನ್ನು ನೋಡಿದ. ನಾನು ಅವನ ಬಗ್ಗೆ ಏನು ಹೇಳಿದ್ದೆ ಎಂದು ಅವನಿಗೆ ಆಗ ತಿಳಿಯಿತು. ಕೂಸೇ, ಅವನು ಆಗಲೂ ತನ್ನ ಮಾತು ಬದಲಿಸಲಿಲ್ಲ. ಕರಣೆ ಒರೆಸಿ ಚೀಲಕ್ಕೆ ಹಾಕತೊಡಗಿದ.

ನಾನು ಹೇಳಿದೆ. ಹೇಗೆ ಹೇಳಿದೆನೋ ಗೊತ್ತಿಲ್ಲ. "ಅಮ್ಮಾ, ಗಾರೆ ಚೆನ್ನಾಗಿದೆ. ಹೋಗಿರೋದು ನನ್ನ ಕೈ. ಎರಡು ತಿಂಗಳಿಂದ ಇವನು ನನ್ನ ಮಾನ ಮುಚ್ಚಿದಾನೆ, ನಾನು ಇವನ ಮೇಲೇ ಚಾಡಿ ಹೇಳ್ದೆ" ಅಂದೆ. ಹೇಳಿ ಕೈ ಚಾಚಿ ತೋರಿಸಿದೆ. ಅದು ತಾನಾಗಿ ನಡುಗುತ್ತಿತ್ತು. ಅಮ್ಮನವರು ಕತ್ತಿನಲ್ಲಿ ಸಂದಿದ್ದ ಆ ಪಾರಿವಾಳದ ಹತ್ತಿರ ಹೋಗಿ ನೋಡಿದರು. "ಮತ್ತೆ ಇದನ್ನ ಮುಗಿಸೋರು ಯಾರು?" ಎಂದು ಕೇಳಿದರು.

"ನನ್ನ ಮಗಳು" ಅಂದೆ. ಬಾಯಿಂದ ಬಂದುಬಿಟ್ಟಿತು. ಬಂದ ಮೇಲೆ, ಇದನ್ನು ಎಷ್ಟೋ ಮೊದಲೇ ಹೇಳಬೇಕಿತ್ತು ಅನಿಸಿತು. ಅಮ್ಮನವರು, ಮೊದಲು ಒಂದು ಗೋಡೆ ಮುಗಿಸಲಿ, ನೋಡೋಣ ಅಂದಿದ್ದಾರೆ. ಡಾಮನ ಗೊಡವೆಗೆ ಇನ್ನು ಯಾರೂ ಬರುವುದಿಲ್ಲ.

ಹೊರಗೆ ಬಂದ ಮೇಲೆ ಡಾಮ ಮೂವತ್ತೊಂದು ವರ್ಷದಲ್ಲಿ ಬೈಯದ ಬೈಗುಳವನ್ನೆಲ್ಲ ಬೈದ. ಅಮ್ಮನವರ ಮುಂದೆ ಕೈ ಯಾಕೆ ತೋರಿಸಿದೆ ಎಂದು ಬೈದ. ಚಾಡಿ ಹೇಳಿದ್ದಕ್ಕೆ ಬೈಯಲಿಲ್ಲ. ಆಮೇಲೆ ಇಬ್ಬರೂ ಮೆಟ್ಟಿಲ ಮೇಲೆ ಕೂತು ರೊಟ್ಟಿ, ಗಿಣ್ಣು ತಿಂದೆವು. ನನ್ನ ರೊಟ್ಟಿಯನ್ನು ಅವನೇ ಮುರಿದು ಕೊಟ್ಟ.

ಸಿಲೋನ ದೋಣಿಯಲ್ಲಿ ಬಾ. ನೀನು ಇಳಿದ ದೋಣಿಯನ್ನೇ ಹತ್ತಿ ನಾನು ಮನೆಗೆ ಹೋಗುತ್ತೇನೆ.

ಸ್ಟಾಬಿಯೆ, ಜೂನ್ ಹನ್ನೆರಡು

ಅಪ್ಪನಿಗೆ ಹೆಲ್ವಿಯಾ.

ದಂಡೆಯಲ್ಲಿ ಅಷ್ಟೊಂದು ಬುದ್ಧಿಮಾತು ಹೇಳಿದೆ, ಒಂದೂ ನೆನಪಿಲ್ಲ. ನನ್ನ ಕೈ ಹಿಡಿದುಕೊಂಡಿದ್ದದ್ದು ಮಾತ್ರ ನೆನಪಿದೆ.

ಮೊದಲ ದಿನ ಡಾಮ ಮಾವ ಒಂದೇ ಮೊಳ ಹಾಕಿದ. "ಇಷ್ಟೇನಾ ಮಾವ?" ಅಂದರೆ, "ಹಾವು ಬರೆಯೋರಿಗೆ ಇದೇ ಜಾಸ್ತಿ" ಅಂದ. ಅದನ್ನು ಮುಗಿಸುವಷ್ಟರಲ್ಲಿ ನನ್ನ ಬೆನ್ನು ಮುರಿದು, ಹೊತ್ತು ಮುಳುಗಿತ್ತು. ಹೇಗೆ ಅಳೆಯುತ್ತಾನಪ್ಪ ಅವನು? ಮರುವಾರ ಎರಡು, ಆಮೇಲೆ ಮೂರು. ನಾನು ಕೇಳಲೇ ಇಲ್ಲ.

ನಿನ್ನ ಅರ್ಧ ಹೊನ್ನಕ್ಕಿಯನ್ನು ಕೆತ್ತಿ ತೆಗೆದು ಹೊಸದಾಗಿ ಹಾಕುತ್ತೇನೆ ಅಂದ. ನಾನು ಬಿಡಲಿಲ್ಲ. ಬಣ್ಣ ಹಿಡಿಯದ ಭಾಗವನ್ನು ಮಾತ್ರ ಓರೆಯಾಗಿ ಕೊಯ್ದು, ಹೊಸ ಗಾರೆ ಹಚ್ಚಿಸಿದೆ. ತಲೆ, ಎದೆ ನಿನ್ನದು. ರೆಕ್ಕೆ, ಬಾಲ ನನ್ನದು. ಸಂದು ಬೆಳಗಿನ ಓರೆ ಬಿಸಿಲಿನಲ್ಲಿ ಮಾತ್ರ ಕಾಣುತ್ತದೆ. ಅಮ್ಮನವರು ಅದರ ಮೇಲೆ ಬೆರಳಾಡಿಸಿ, "ಇಲ್ಲಿ ಕೈ ಬದಲಾಯ್ತಾ?" ಎಂದು ಕೇಳಿದರು. ಹೌದು ಅಂದೆ. "ಹಕ್ಕಿಗೆ ಗೊತ್ತಾಗಿಲ್ಲ" ಅಂದರು. ಉಳಿದ ಮೂರು ಗೋಡೆಯೂ ನಮ್ಮದೇ. ಊಟದ ದಿನವನ್ನು ಮುಂದಕ್ಕೆ ಹಾಕಿದ್ದಾರೆ.

ಅಪ್ಪ, ಇವತ್ತು ಡಾಮ ಮಾವ ನಾಲ್ಕು ಮೊಳ ಹಾಕಿದ. ಹಾಕಿ, ಏನೂ ಗೊತ್ತಿಲ್ಲದವನ ಹಾಗೆ ತೋಟದ ಕಡೆ ಹೋಗಿ ಕೂತ. ಸೂರ್ಯ ಸಮುದ್ರ ಮುಟ್ಟುವಾಗ ನಾನು ಕೊನೆಯ ಎಲೆಗೆ ಹಸಿರು ಹಚ್ಚಿದೆ. ಅವನು ಬಂದು ನೋಡಿ, ಗೋಡೆಗೆ ಬೆನ್ನು ಮಾಡಿ ಮೂಗು ಒರೆಸಿಕೊಂಡ. "ಸುಣ್ಣ ಕಣ್ಣಿಗೆ ಬಿತ್ತು" ಅಂದ. ಆಮೇಲೆ ತನ್ನ ಚೀಲದಿಂದ ಒಂದು ಹಳೆಯ ಉಣ್ಣೆಯ ಟೊಪ್ಪಿ ತೆಗೆದು ನನ್ನ ತಲೆಗೆ ಇಟ್ಟ. "ಗಾರೆ ಉದುರುತ್ತೆ, ಕೂದಲು ಹಾಳಾಗುತ್ತೆ" ಅಂದ. ಇದು ಆ ಟೊಪ್ಪಿಯೇ?

ನೀಲಿ ಕಳಿಸು. ನಿನ್ನ ಕೈಗೆ ಅರೆಯಲು ಆಗುತ್ತಿದೆಯೇ? ಸುಳ್ಳು ಹೇಳಬೇಡ.

ಪುಟಿಯೋಲಿ, ಜೂನ್ ಇಪ್ಪತ್ತು

ಮಗಳಿಗೆ.

ಸುಳ್ಳು ಹೇಳುವುದಿಲ್ಲ. ಅರೆಯುವ ಗುಂಡನ್ನು ಎರಡೂ ಕೈಯಲ್ಲಿ ಹಿಡಿಯುತ್ತೇನೆ. ಗುಂಡಿಗೆ ನಡುಕ ಗೊತ್ತಾಗುವುದಿಲ್ಲ, ಅದಕ್ಕೆ ಬೇಕಾದ್ದು ಭಾರ ಮಾತ್ರ. ದಿನಕ್ಕೆ ಒಂದು ಉಂಡೆ ಆಗುತ್ತದೆ, ನಾಲ್ಕು ಕಳಿಸಿದ್ದೇನೆ. ರೊಟ್ಟಿಯವನ ಮನೆಗೆ ಹೋಗಿ ನಿನ್ನ ಹಾವು ನೋಡಿಬಂದೆ. ನಿಜವಾಗಿಯೂ ನಗುತ್ತಿವೆ. ನಾನೂ ನಕ್ಕೆ.

ಟೊಪ್ಪಿ ಅದೇ. ಒಗೆಯಬೇಡ, ಕುಗ್ಗಿಹೋಗುತ್ತದೆ.

ಇಲ್ಲಿಂದ ಕೆಳಗಿನದನ್ನು ಡಾಮನಿಗೆ ಗಟ್ಟಿಯಾಗಿ ಓದು, ಒಂದಕ್ಷರ ಬಿಡಬೇಡ.

ಡಾಮ, ನಾಲ್ಕು ಮೊಳ ಮುಗಿಸಿದಳು ಎಂದು ಉಬ್ಬಿ ನಾಳೆ ಐದು ಹಾಕಬೇಡ. ದಿನಾ ಬೆಳಿಗ್ಗೆ ಅವಳ ಕೈ ನೋಡಿ ಹಾಕು. ಬೆನ್ನು ನೋಯುವ ದಿನ, ಮನೆ ನೆನಪಾದ ದಿನ ಚಿಕ್ಕದು ಹಾಕು. ಯಾಕೆ ಇಷ್ಟೇ ಎಂದು ಕೇಳಿದರೆ, "ನಂಗೆ ವಯಸ್ಸಾಯ್ತು" ಎಂದು ಹೇಳು.